ವಿಟ್ಬಿಯ ಬೆನೆಡಿಕ್ಟೀನ್ ಮಠದ ಅವಶೇಷ: ಹೋಗುವುದಾದರೆ ಏನನ್ನು ನೋಡಬೇಕು?

ಪ್ರಶ್ನೆ: ಮಡಿಕೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನರ್ಸ್ ಆಗಿದ್ದಾಳೆ. ಹೂಮಳೆ ಮುಗಿದು ತೋಟದ ಕೆಲಸ ತುಸು ಹಗುರಾದ ಮೇಲೆ, ಮೇ ತಿಂಗಳಲ್ಲಿ, ನಾನೂ ಯಜಮಾನರೂ ಅವಳಲ್ಲಿಗೆ ಹೊರಟಿದ್ದೇವೆ. ಅವಳಿಗೆ ಸಿಗುವ ರಜೆ ಕಡಿಮೆ. ಅದರಲ್ಲಿ ಒಂದು ಇಡೀ ದಿನವನ್ನು ವಿಟ್ಬಿ ಎಂಬ ಕಡಲೂರಿನ ಗುಡ್ಡದ ಮೇಲಿರುವ ಹಳೆಯ ಬೆನೆಡಿಕ್ಟೀನ್ ಮಠದ ಅವಶೇಷಕ್ಕೆ ಮೀಸಲಿಟ್ಟಿದ್ದಾಳೆ. ಅವಳು ಕಳಿಸಿದ ಫೋಟೊದಲ್ಲಿ ಚಾವಣಿಯಿಲ್ಲದ ಎತ್ತರದ ಗೋಡೆ, ಅದರಲ್ಲಿ ಒಂದರ ಮೇಲೊಂದು ಮೂರು ಸಾಲು ಕಿಟಕಿ, ಒಳಗೆಲ್ಲ ಹುಲ್ಲು. ಯಜಮಾನರು ನೋಡಿ, "ಮುರಿದ ಗೋಡೆ ನೋಡಲು ಸಮುದ್ರ ದಾಟಬೇಕೇ? ಇಲ್ಲೇ ಇರುವ ಮುಳ್ಳೂರಿನ ಬಸದಿಗೇ ನಾವು ಹೋಗಿಲ್ಲ" ಎಂದರು. ಅವರಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ ಎಂಬ ಒಂದು ಸಾಲು ಗೊತ್ತು, ಅದರಾಚೆ ಗೊತ್ತಿಲ್ಲ. ಬೆನೆಡಿಕ್ಟೀನರು ಎಂದರೆ ಯಾರು? ಅವರು ಅಲ್ಲಿ ದಿನವಿಡೀ ಏನು ಮಾಡುತ್ತಿದ್ದರು? ಮಠವನ್ನು ಮುಚ್ಚುವುದು ಬೇರೆ, ಕಟ್ಟಡ ಹೀಗೆ ಅಸ್ಥಿಪಂಜರವಾಗುವುದು ಬೇರೆ, ಅದು ಹೇಗಾಯಿತು? ಹೋದವರು, ಓದಿದವರು ದಯವಿಟ್ಟು ಬರೆಯಿರಿ. ನನಗೆ ಮೊಣಕಾಲು ನೋವಿದೆ, ಅದನ್ನೂ ಗಮನದಲ್ಲಿಡಿ.

ಉತ್ತರ: ಗೋಣಿಕೊಪ್ಪದಿಂದ ಲೀಡ್ಸ್‌ಗೆ

ಟೀಚರ್, ಮೊಣಕಾಲಿನ ವಿಷಯ ಮೊದಲು. ಹಳೆಯ ಪೇಟೆಯಿಂದ ಮಠದ ಗುಡ್ಡಕ್ಕೆ 199 ಕಲ್ಲಿನ ಮೆಟ್ಟಿಲುಗಳಿವೆ. ನಡುನಡುವೆ ಬೆಂಚುಗಳೂ ಇವೆ. ಮೇಲಿನ ಚರ್ಚಿನ ಸ್ಮಶಾನಕ್ಕೆ ಶವಪೆಟ್ಟಿಗೆ ಹೊತ್ತು ಹತ್ತುತ್ತಿದ್ದವರು ಇಳಿಸಿ ಉಸಿರು ತೆಗೆದುಕೊಳ್ಳಲೆಂದು ಅಂಥ ತಾಣಗಳನ್ನು ಮಾಡಿದ್ದರಂತೆ. ನೀವು ಹತ್ತಲೇಬೇಕೆಂದಿಲ್ಲ. ಮಗಳು ಕಾರು ಓಡಿಸುವುದಾದರೆ ಗುಡ್ಡದ ಮೇಲೆಯೇ, ಮಠದ ಹತ್ತಿರವೇ ವಾಹನ ನಿಲ್ಲಿಸುವ ಜಾಗವಿದೆ. ಅಲ್ಲಿಂದ ಮುಂದೆ ಹುಲ್ಲುನೆಲ, ಹೆಚ್ಚೇನೂ ಏರಿಲ್ಲ.

ಬಸ್ಸಾದರೆ ಯಾರ್ಕ್‌ನಿಂದ ಕೋಸ್ಟ್‌ಲೈನರ್ ಬಸ್ಸು ಮಾಲ್ಟನ್, ಪಿಕರಿಂಗ್ ಮೂಲಕ ಮೂರ್ಸ್ ಎಂಬ ಬೋಳು ಬೆಟ್ಟಗಳನ್ನು ದಾಟಿ ಹೋಗುತ್ತದೆ. ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮೇಲಂತಸ್ತಿನ ಮುಂದಿನ ಸೀಟು ಹಿಡಿಯಿರಿ. ಹೆದರ್ ಗಿಡ ಹೂ ಬಿಡುವುದು ಆಗಸ್ಟ್‌ನಲ್ಲಿ. ಮೇ ತಿಂಗಳಲ್ಲಿ ಬೆಟ್ಟವೆಲ್ಲ ಕಂದು ಬಣ್ಣದಲ್ಲಿರುತ್ತದೆ. ಗುಡ್ಡದ ಮೇಲೆ ಗಾಳಿ ಜೋರು. ಕೊಡೆ ತೆರೆದರೆ ಮಗುಚಿಕೊಳ್ಳುತ್ತದೆ, ಟೋಪಿಯಿರುವ ಮಳೆಕೋಟು ಒಯ್ಯಿರಿ. ಇತಿಹಾಸದ ಭಾಗವನ್ನು ಶನಿವಾರಸಂತೆಯ ಅಣ್ಣನಿಗೆ ಬಿಡುತ್ತೇನೆ. ಅವರು ಇದನ್ನು ಓದಿಯೇ ಓದುತ್ತಾರೆ.

ಉತ್ತರ: ಶನಿವಾರಸಂತೆ ಬೆಳೆಗಾರ

ಓದಿದೆ. ಟೀಚರ್, ದಯವಿಟ್ಟು ಹೋಗಿ. ತಮ್ಮ ಮಿಡಲ್ಸ್‌ಬರೋದಲ್ಲಿದ್ದಾನೆ. ಅವನ ಮನೆಗೆ ಹೋದಾಗಲೆಲ್ಲ ನಾನು ಎಸ್ಕ್ ಕಣಿವೆಯ ಸಣ್ಣ ರೈಲು ಹಿಡಿದು ವಿಟ್ಬಿಗೆ ಹೋಗುತ್ತೇನೆ. ಆ ಗುಡ್ಡದಷ್ಟು ನನ್ನನ್ನು ಹಿಡಿದಿಟ್ಟ ಜಾಗ ಆ ದೇಶದಲ್ಲಿ ಇನ್ನೊಂದಿಲ್ಲ.

ನಿಮ್ಮ ಯಜಮಾನರಿಗೆ ಕೊಡಬಹುದಾದ ಉತ್ತರ ಆ ಮಠದ ಹುಟ್ಟಿನಲ್ಲೇ ಇದೆ. ಅಲ್ಲಿ ಬೆನೆಡಿಕ್ಟೀನ್ ಮಠ ಹುಟ್ಟಿದ್ದೇ ಒಬ್ಬ ಸೈನಿಕ ಮುರಿದ ಗೋಡೆಗಳನ್ನು ನೋಡಿದ್ದರಿಂದ. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ, 1069–70ರ ಚಳಿಗಾಲದಲ್ಲಿ, ಅವನ ಸೈನ್ಯ ದೇಶದ ಉತ್ತರ ಭಾಗವನ್ನು ಸುಟ್ಟು ಹಾಳುಗೆಡವಿತು. ಆ ವಿಲಿಯಂನ ಯೋಧರಲ್ಲಿ ಒಬ್ಬ ರೈನ್‌ಫ್ರಿಡ್. ಅವನು ವಿಟ್ಬಿಯ ಗುಡ್ಡದ ಮೇಲೆ ಹಳೆಯದೊಂದು ಮಠದ ಅವಶೇಷ ಕಂಡು ಕರಗಿಹೋದ. ಕತ್ತಿ ಬಿಟ್ಟ. ಈವ್‌ಶಮ್ ಎಂಬಲ್ಲಿನ ಮಠ ಸೇರಿ ಸನ್ಯಾಸಿಯಾದ, ಮತ್ತೆ ಉತ್ತರಕ್ಕೆ ಬಂದು 1078ರ ಸುಮಾರಿಗೆ ಅದೇ ಗುಡ್ಡದ ಮೇಲೆ ನೆಲೆ ನಿಂತ. ಭೂಮಿ ಕೊಟ್ಟವನು ವಿಲಿಯಂ ದ ಪರ್ಸಿ ಎಂಬ ನಾರ್ಮನ್ ಸರದಾರ. ಹೀಗೆ ಶುರುವಾದ ಮಠ 1539ರವರೆಗೆ ನಡೆಯಿತು. ಅಂದರೆ ನೀವು ನೋಡಲಿರುವುದು ಆ ಗುಡ್ಡದ ಎರಡನೆಯ ಪಾಳು. ಮೊದಲನೆಯ ಪಾಳನ್ನು ನೋಡಿ ಒಬ್ಬ ಮನುಷ್ಯನ ಬದುಕು ಬೇರೆಯಾಯಿತು. ಅದರಿಂದಲೇ ಎರಡನೆಯದು ಮೇಲೆದ್ದಿತು.

ರೈನ್‌ಫ್ರಿಡ್ ಕಂಡ ಆ ಹಳೆಯ ಮಠ ಹಿಲ್ಡ್ ಎಂಬ ಹೆಣ್ಣುಮಗಳದು. ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯ ಎಂಬ ರಾಜ್ಯದ ರಾಜ ಓಸ್ವಿಯುವಿನ ಕಾಲದಲ್ಲಿ, 657ರಲ್ಲಿ ಸ್ಥಾಪನೆಯಾದದ್ದು. ಗಂಡಸರೂ ಹೆಂಗಸರೂ ಬೇರೆ ಬೇರೆ ವಾಸಿಸುತ್ತ ಒಂದೇ ಮಠಕ್ಕೆ ಸೇರಿದ್ದರು, ಇಬ್ಬರಿಗೂ ಮುಖ್ಯಸ್ಥೆ ಅವಳೇ. ಅದು ಬೆನೆಡಿಕ್ಟೀನ್ ಮಠವಾಗಿರಲಿಲ್ಲ. ಆ ಪಂಗಡದವರು ಅಲ್ಲಿಗೆ ಬಂದದ್ದು ರೈನ್‌ಫ್ರಿಡ್‌ನ ಕಾಲದಲ್ಲಿ. ಈಸ್ಟರ್ ಹಬ್ಬದ ದಿನವನ್ನು ರೋಮಿನ ಲೆಕ್ಕದಂತೆ ಗೊತ್ತುಮಾಡಬೇಕೋ ಐರಿಷ್ ಸನ್ಯಾಸಿಗಳ ಲೆಕ್ಕದಂತೆಯೋ ಎಂದು 664ರಲ್ಲಿ ದೊಡ್ಡ ಸಭೆ ಸೇರಿದ್ದು ಅವಳ ಮಠದಲ್ಲೇ. ಒಂದೇ ಅರಮನೆಯಲ್ಲಿ ರಾಜ ಹಬ್ಬದೂಟ ಮಾಡುತ್ತಿದ್ದರೆ ರಾಣಿ ಇನ್ನೂ ಉಪವಾಸದಲ್ಲಿರುತ್ತಿದ್ದಳು ಎಂದು ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ಸಭೆ ರೋಮಿನ ಕಡೆ ತೀರ್ಮಾನಿಸಿತು.

ಆ ಮಠದ ದನದ ಕೊಟ್ಟಿಗೆ ಕಾಯುತ್ತಿದ್ದವನು ಕ್ಯಾಡ್‌ಮನ್. ಊಟದ ಕೂಟದಲ್ಲಿ ತಂತಿವಾದ್ಯ ಕೈಯಿಂದ ಕೈಗೆ ದಾಟುತ್ತ ತನ್ನ ಹತ್ತಿರ ಬರುವ ಮೊದಲೇ, ಹಾಡಲು ಬಾರದೆಂದು ಎದ್ದು ಹೋಗುತ್ತಿದ್ದನಂತೆ. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು ಸೃಷ್ಟಿಯನ್ನು ಕುರಿತು ಹಾಡು ಎಂದರು, ಹಾಡಿದ. ಬೆಳಗ್ಗೆ ಅವನನ್ನು ಹಿಲ್ಡ್‌ಳ ಮುಂದೆ ನಿಲ್ಲಿಸಿದರು. ಅವಳು ಅವನ ಮಾತನ್ನು ನಂಬಿ ಮಠಕ್ಕೆ ಸೇರಿಸಿಕೊಂಡಳು. ಕವಿಯ ಹೆಸರು ಗೊತ್ತಿರುವ ಇಂಗ್ಲಿಷ್ ಕವಿತೆಗಳಲ್ಲಿ ಅವನ ಆ ಒಂಬತ್ತು ಸಾಲುಗಳೇ ಎಲ್ಲಕ್ಕಿಂತ ಹಳೆಯವು. ಒಬ್ಬ ದನಗಾಹಿಯ ಮಾತಿಗೆ ಕಿವಿಗೊಟ್ಟ ಆ ಹೆಂಗಸಿನ ಬಗ್ಗೆ ನನಗೆ ಅಪಾರ ಗೌರವ. ಮೆಟ್ಟಿಲು ಮುಗಿಯುವಲ್ಲಿ, ಚರ್ಚಿನ ಅಂಗಳದಲ್ಲಿ, 1898ರಲ್ಲಿ ಅವನ ನೆನಪಿಗೆ ನಿಲ್ಲಿಸಿದ ಕಲ್ಲಿನ ಶಿಲುಬೆ ಇದೆ. ಕಡಲು ದಾಟಿ ಬಂದ ಡೇನರ (ಡೆನ್ಮಾರ್ಕಿನವರ) ದಾಳಿಯ ಕಾಲದಲ್ಲಿ, ಸುಮಾರು 867ರಲ್ಲಿ, ಹಿಲ್ಡ್‌ಳ ಮಠ ಅಳಿಯಿತು.

ಇನ್ನು ಬೆನೆಡಿಕ್ಟೀನರ ಮಾತು. ಇಟಲಿಯ ನೂರ್ಸಿಯದ ಬೆನೆಡಿಕ್ಟ್ ಎಂಬವರು ಆರನೇ ಶತಮಾನದಲ್ಲಿ ಮಾಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿ, ಅಲ್ಲಿನ ಬದುಕಿಗೆ ಒಂದು ನಿಯಮಾವಳಿ ಬರೆದರು. 73 ಸಣ್ಣ ಅಧ್ಯಾಯಗಳು. ಅದರಲ್ಲಿ ದೇವರ ಮಾತು ಎಷ್ಟಿದೆಯೋ ಮನೆವಾರ್ತೆಯ ಮಾತೂ ಅಷ್ಟೇ ಇದೆ. ದಿನಕ್ಕೆ ಏಳು ಸಲ, ರಾತ್ರಿ ಎದ್ದು ಒಂದು ಸಲ ಪ್ರಾರ್ಥನೆ. ಉಳಿದ ಹೊತ್ತು ಕೈಕೆಲಸ ಮತ್ತು ಓದು, ಏಕೆಂದರೆ ಸೋಮಾರಿತನ ಆತ್ಮದ ಶತ್ರು. ನಾಲ್ಕು ಕಾಲಿನ ಪ್ರಾಣಿಯ ಮಾಂಸ ಕಾಯಿಲೆಯವರಿಗೆ ಮಾತ್ರ. ಬಟ್ಟೆ ತೊಟ್ಟೇ ಮಲಗಬೇಕು, ರಾತ್ರಿ ಗಂಟೆ ಬಾರಿಸಿದರೆ ತಡವಾಗಬಾರದು. ಆದರೆ ಸೊಂಟದ ಚಾಕು ತೆಗೆದಿಟ್ಟು ಮಲಗಬೇಕು, ನಿದ್ದೆಯಲ್ಲಿ ಚುಚ್ಚೀತು. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು. ಉಗ್ರಾಣದ ಅಧಿಕಾರಿಯ ಬಗ್ಗೆ ಒಂದು ಅಧ್ಯಾಯವಿದೆ, 31ನೆಯದು. ಮಠದ ಪಾತ್ರೆ, ಹತಾರ, ಸಾಮಾನುಗಳನ್ನೆಲ್ಲ ಅವನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದು ಅಲ್ಲಿ ಹೇಳಿದೆ. ಈ ಮಾತನ್ನು ಕನ್ನಡದಲ್ಲಿ ಬರೆಸಿ ನಮ್ಮ ತೋಟದ ಸಲಕರಣೆ ಕೋಣೆಯ ಬಾಗಿಲ ಮೇಲೆ ಹಾಕಿದ್ದೇನೆ. ಕತ್ತಿ, ಕೊಕ್ಕೆ, ಕಾಫಿ ಕೊಯ್ಯುವ ಚೀಲ ಎಲ್ಲದಕ್ಕೂ ಅದು ಸಲ್ಲುತ್ತದೆ.

ಆದ್ದರಿಂದ ಟೀಚರ್, ಅಲ್ಲಿ ಹೋದಾಗ ಬರೀ ಮೇಲೆ ನೋಡಬೇಡಿ. ಪೂರ್ವದ ಗೋಡೆಯ ಮೂರು ಸಾಲು ಚೂಪು ಕಿಟಕಿಗಳು, ಶಿಲುಬೆಯಾಕಾರದ ಮಠದ ಚರ್ಚಿನ ಉತ್ತರದ ತೋಳಿನ ಗೋಡೆ, ಇವು ಕಣ್ಣನ್ನು ತಾವೇ ಎಳೆದುಕೊಳ್ಳುತ್ತವೆ. ಹದಿಮೂರನೇ ಶತಮಾನದಲ್ಲಿ ಮಠದ ಹಳೆಯ ಚರ್ಚು ಸಾಲದೆಂದು ಹೊಸದಾಗಿ ಕಟ್ಟಿದ ಭಾಗ ಅದು. ನೋಡಿ, ಆಮೇಲೆ ಚರ್ಚಿನ ದಕ್ಷಿಣ ಬದಿಗೆ ಬನ್ನಿ. ಅಲ್ಲಿ ಬರೀ ಹುಲ್ಲು ಕಾಣುತ್ತದೆ, ಜನ ಹಾಗೇ ದಾಟಿ ಹೋಗುತ್ತಾರೆ. ಮಠದ ಬದುಕೆಲ್ಲ ನಡೆದದ್ದು ಆ ಬದಿಯಲ್ಲಿ. ಎತ್ತರದ ಚರ್ಚು ಉತ್ತರದ ಗಾಳಿ ತಡೆಯುತ್ತದೆ, ದಕ್ಷಿಣದ ಬಿಸಿಲು ಒಳಗೆ ಬೀಳುತ್ತದೆ. ಬೆನೆಡಿಕ್ಟೀನರು ಸಾಮಾನ್ಯವಾಗಿ ಈ ಬದಿಯಲ್ಲೇ ಚೌಕ ಅಂಗಳ ಬಿಟ್ಟು ಸುತ್ತ ಮೊಗಸಾಲೆ ಕಟ್ಟುತ್ತಿದ್ದರು. ಅವರ ಮಠಗಳ ವಾಡಿಕೆಯಂತೆ ಪೂರ್ವಕ್ಕೆ ಸಭಾಮಂದಿರ, ಅದರ ಮಹಡಿಯಲ್ಲಿ ಮಲಗುವ ಸಾಲು, ಅಲ್ಲಿಂದ ರಾತ್ರಿ ನೇರ ಚರ್ಚಿಗೆ ಇಳಿಯುವ ಮೆಟ್ಟಿಲು. ದಕ್ಷಿಣಕ್ಕೆ ಊಟದ ಮನೆ, ಅದರ ಬಾಗಿಲಲ್ಲಿ ಕೈ ತೊಳೆಯುವ ತೊಟ್ಟಿ. ಪಶ್ಚಿಮಕ್ಕೆ ಉಗ್ರಾಣ. ಅಡುಗೆಮನೆ ಮತ್ತು ರೋಗಿಗಳ ಕೋಣೆ ಬಿಟ್ಟರೆ ಬೆಂಕಿ ಇರುತ್ತಿದ್ದದ್ದು ಒಂದೇ ಕೋಣೆಯಲ್ಲಿ. ಉತ್ತರ ಸಮುದ್ರದ ಗಾಳಿಗೆ ಎದೆಯೊಡ್ಡಿದ ಆ ಗುಡ್ಡದ ಮೇಲೆ, ಜನವರಿಯ ನಡುರಾತ್ರಿ, ಹಾಸಿಗೆ ಬಿಟ್ಟೆದ್ದು ಕೀರ್ತನೆ ಹಾಡಲು ಇಳಿದವರನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಕಟ್ಟಡ ಅಸ್ಥಿಪಂಜರವಾದದ್ದು ಹೇಗೆ ಎಂದು ಕೇಳಿದ್ದೀರಿ. ಎಂಟನೇ ಹೆನ್ರಿ ರೋಮಿನ ಪೋಪರಿಂದ ಬೇರೆಯಾಗಿ ತಾನೇ ಇಂಗ್ಲೆಂಡಿನ ಧರ್ಮಸಭೆಗೆ ಮುಖ್ಯಸ್ಥನಾದ ಮೇಲೆ, ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1535ರಲ್ಲಿ ದೇಶದ ಮಠಗಳ ಆದಾಯವನ್ನೆಲ್ಲ ಲೆಕ್ಕ ಹಾಕಿಸಿದ. ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾಯ್ದೆ 1536ರಲ್ಲಿ ಬಂತು. ಅದೇ ವರ್ಷ ಯಾರ್ಕ್‌ಷೈರಿನ ಜನ ದಂಗೆಯೆದ್ದರು, ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಆಮೇಲೆ ದೊಡ್ಡ ಮಠಗಳ ಸರದಿ. ವಿಟ್ಬಿಯ ಕೊನೆಯ ಮಠಾಧಿಪತಿ ಹೆನ್ರಿ ಡ್ಯಾವೆಲ್ 1539ರ ಡಿಸೆಂಬರ್ 14ರಂದು ಎಲ್ಲವನ್ನೂ ಒಪ್ಪಿಸಿ ಹೊರಟರು. ಹೀಗೆ ಮುಚ್ಚಿದ ಮಠಗಳಲ್ಲಿ ಸಾಮಾನ್ಯವಾಗಿ ಮೊದಲು ಇಳಿಸುತ್ತಿದ್ದದ್ದು ಚಾವಣಿಯ ಸೀಸದ ಹಾಳೆ, ಏಕೆಂದರೆ ಕರಗಿಸಿದರೆ ಅದು ನಗದು. ಸೀಸ ಹೋದ ಮೇಲಿನ ಕಥೆಯನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಮುಂಚೆ ಹಂಚು ಕೈಯಾಡಿಸದೆ ಬಿಟ್ಟ ಐನ್‌ಮನೆಯ ಗತಿಯೇ ಅದರದೂ. ಆ ಗೋಡೆಗಳ ಎರಡೂ ಮುಖದಲ್ಲಿ ಚೆಂದದ ಕೆತ್ತುಗಲ್ಲು, ನಡುವೆ ಗಾರೆ ಸುರಿದು ತುಂಬಿದ ಜಲ್ಲಿ. ತೊಲೆ ಕೊಳೆತು ಬಿದ್ದ ಮೇಲೆ ಮಳೆ ಗೋಡೆಯ ತಲೆಯಿಂದ ಆ ಜಲ್ಲಿಗೇ ಇಳಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಆದರೂ ಆ ಗೋಡೆಗಳು ಬಹುಕಾಲ ತಡೆದವು! ದಕ್ಷಿಣದ ತೋಳು ಬಿದ್ದದ್ದು 1736ರಲ್ಲಿ, ಚರ್ಚಿನ ನಡುಭಾಗ 1760ರ ದಶಕದಲ್ಲಿ, ಮಧ್ಯದ ಗೋಪುರ 1830ರಲ್ಲಿ.

ಕಂಬಗಳ ಹತ್ತಿರ ಹೋಗಿ ಕಲ್ಲನ್ನು ಬರಿಗಣ್ಣಿನಿಂದ ನೋಡಿ. ಅದು ಮರಳುಗಲ್ಲು, ಉಪ್ಪುಗಾಳಿಗೆ ತಾಳುವ ಜಾತಿಯಲ್ಲ. ಕೆಲವು ಕಡೆ ಕಲ್ಲಿನ ಮುಖ ಸವೆದು ಒಳಗೆ ಸರಿದಿದೆ, ನಡುವಿನ ಗಾರೆಯ ಗೆರೆ ಮಾತ್ರ ಮುಂದೆ ಉಳಿದಿದೆ. ನಾನು ಪ್ರತಿ ಸಲವೂ ಕೈ ಹಿಂದೆ ಕಟ್ಟಿಕೊಂಡು ಅಲ್ಲಿ ನಿಲ್ಲುತ್ತೇನೆ, ಮುಟ್ಟಿದರೆ ಪುಡಿ ಉದುರುತ್ತದೆ.

ಮುಳ್ಳೂರಿನ ವಿಷಯದಲ್ಲಿ ಯಜಮಾನರು ಹೇಳಿದ್ದು ನೂರಕ್ಕೆ ನೂರು ಸರಿ, ಮೊದಲು ಅಲ್ಲಿಗೆ ಹೋಗಿ. ಕೊಂಗಾಳ್ವ ಅರಸರ ಕಾಲದ ಆ ಬಸದಿಗಳು ಹನ್ನೊಂದನೇ ಶತಮಾನದವು, ರೈನ್‌ಫ್ರಿಡ್‌ನದೂ ಅದೇ ಶತಮಾನ. ಅಲ್ಲಿ ಜೈನ ಗುರು ಗುಣಸೇನ ಪಂಡಿತರ ಹೆಸರಿರುವ ಶಾಸನಗಳಿವೆ. ಅರಸರು, ರಾಜಮಾತೆಯರು ಜೈನ ಮುನಿಗಳಿಗೆ ನೆಲೆ ಕೊಟ್ಟರು; ಭೂಮಿ ಬರೆದುಕೊಟ್ಟ ದಾನದ ಮೇಲೆಯೇ ಇಲ್ಲಿಯದೂ ಅಲ್ಲಿಯದೂ ನಿಂತದ್ದು. ನೂರು ವರ್ಷ ನಡೆಯುವ ಧರ್ಮಸಂಸ್ಥೆಯ ಬೆನ್ನಿಗೆ ಗದ್ದೆ ಇರಬೇಕು, ಗೊಬ್ಬರ ಇರಬೇಕು, ಲೆಕ್ಕ ಬರೆಯುವವನಿರಬೇಕು ಎಂಬುದು ಎರಡೂ ಕಡೆ ನನಗೆ ಕಂಡದ್ದು.

ಮರೆಯುವ ಮುಂಚೆ ಇನ್ನೊಂದು. ವಿಟ್ಬಿಯ ಬಂಡೆಗಳಲ್ಲಿ ಸುರುಳಿ ಸುರುಳಿ ಕಲ್ಲುಗಳು ಸಿಗುತ್ತವೆ. ಹಿಲ್ಡ್ ಹಾವುಗಳನ್ನೆಲ್ಲ ಕಲ್ಲು ಮಾಡಿ ತಲೆ ಹಾರಿಸಿದಳು ಎಂದು ಅಲ್ಲಿನವರ ಕಥೆ. ಹಿಂದಿನ ಅಂಗಡಿಯವರು ಕಲ್ಲಿಗೆ ಹಾವಿನ ತಲೆ ಕೆತ್ತಿಯೂ ಮಾರುತ್ತಿದ್ದರು. ಊರಿನ ಲಾಂಛನದಲ್ಲಿ ಅಂಥ ಮೂರು ಕಲ್ಲುಗಳಿವೆ. ಅವು ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆ. ಗಂಡಕಿ ನದಿಯಿಂದ ಬರುವ ನಮ್ಮ ಸಾಲಿಗ್ರಾಮವೂ ಅದೇ ಕುಲದ ಜೀವಿಯದು. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದ್ದರೆ ಹೊರಡುವ ಮುನ್ನ ಸರಿಯಾಗಿ ನೋಡಿಕೊಂಡು ಹೋಗಿ, ಅಲ್ಲಿನ ಮ್ಯೂಸಿಯಂನಲ್ಲಿ ಗುರುತು ಸಿಗುತ್ತದೆ.

ಉತ್ತರ: ವೀರಾಜಪೇಟೆ ಗಂಟೆ

ಬೆಳೆಗಾರರು ಮನಸ್ಸಿಟ್ಟು ಬರೆದಿದ್ದಾರೆ. 1792ರಲ್ಲಿ, ದೊಡ್ಡವೀರರಾಜೇಂದ್ರನ ಕಾಲದಲ್ಲಿ ಆರಂಭವಾದ ನಮ್ಮೂರಿನ ಸಂತ ಅನ್ನಮ್ಮ ಚರ್ಚಿನ ಗಂಟೆ ಕೇಳಿ ಬೆಳೆದವನು ನಾನು. ಎರಡು ಮಾತು ಸೇರಿಸಬೇಕು.

ಮಠಗಳಲ್ಲಿ ಎಲ್ಲರೂ, ಎಲ್ಲ ಕಾಲದಲ್ಲೂ ನಿಯಮದಂತೆ ಬದುಕಿದರು ಎಂದುಕೊಳ್ಳಬೇಡಿ. ಭೂಮಿ ಹೆಚ್ಚಿದಂತೆ ಊಟವೂ ಹೆಚ್ಚಿತು. ಇದನ್ನು ಮೊದಲು ಹೇಳಿದವರು ಸ್ವತಃ ಸನ್ಯಾಸಿಗಳು. ನಿಮ್ಮ ಮಗಳಿರುವ ಯಾರ್ಕ್‌ನ ಸೇಂಟ್ ಮೇರಿ ಮಠದಲ್ಲಿ, ನಿಯಮ ಸಡಿಲವಾಗಿದೆ ಎಂದು ನೊಂದ 13 ಮಂದಿ 1132ರಲ್ಲಿ ಜಗಳವಾಡಿ ಹೊರಬಂದರು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಕಾಡುಕಣಿವೆಯೊಂದರಲ್ಲಿ ಜಾಗ ಕೊಟ್ಟರು. ಅದೇ ಮುಂದೆ ಫೌಂಟನ್ಸ್ ಮಠವಾಯಿತು. ಅವರು ಸೇರಿದ್ದು ಸಿಸ್ಟರ್ಸಿಯನ್ ಪಂಗಡವನ್ನು. ಬೆನೆಡಿಕ್ಟರ ನಿಯಮವನ್ನೇ ಇನ್ನಷ್ಟು ಬಿಗಿಯಾಗಿ ಪಾಲಿಸಲು ಹೊರಟವರು. ಯಾರ್ಕ್‌ಷೈರಿನಲ್ಲಿ ಅವಶೇಷ ನೋಡುವಾಗ ಯಾವುದು ಯಾರದೆಂದು ಕೇಳಿಕೊಳ್ಳಿ.

ಎರಡನೆಯದು, ಬೆನೆಡಿಕ್ಟೀನರು ಹೋದವರಲ್ಲ, ಈಗಲೂ ಇದ್ದಾರೆ. ಯಾರ್ಕ್‌ನ ಉತ್ತರಕ್ಕೆ ಆಂಪಲ್‌ಫೋರ್ತ್ ಎಂಬಲ್ಲಿ 1802ರಿಂದ ಅವರ ಮಠವಿದೆ. ಅದರ ಸಮೀಪದ ವಾಸ್ ಎಂಬ ಹಳ್ಳಿಗೆ 2009ರಲ್ಲಿ ಸ್ಟ್ಯಾನ್‌ಬ್ರೂಕ್ ಮಠದ ಸನ್ಯಾಸಿನಿಯರು ಬಂದು ನೆಲೆಸಿದರು. ಅಷ್ಟು ದೂರವೇಕೆ, ಬೆಂಗಳೂರಿನ ಕುಂಬಳಗೋಡಿನ ಬಳಿಯ ಆಶೀರ್ವನಂ ಕೂಡ ಬೆನೆಡಿಕ್ಟೀನ್ ಮಠವೇ. ಅವಶೇಷದಲ್ಲಿ ಗೋಡೆ ಮಾತ್ರ ನೋಡಬಹುದು, ಹಾಡು ಕೇಳಬೇಕೆಂದರೆ ಇವುಗಳಲ್ಲೊಂದರ ಸಂಜೆ ಪ್ರಾರ್ಥನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ.

ಮಡಿಕೇರಿ ಟೀಚರ್

ನಿಮ್ಮೆಲ್ಲರ ಬರಹವನ್ನು ಯಜಮಾನರಿಗೆ ಓದಿ ಹೇಳಿದೆ. ರೈನ್‌ಫ್ರಿಡ್‌ನ ಕಥೆ ಮುಗಿದಾಗ ಅವರು ಕನ್ನಡಕ ತೆಗೆದಿಟ್ಟು, "ಮೆಟ್ಟಿಲು ನಾನು ಹತ್ತುತ್ತೇನೆ, ನೀನು ಕಾರಿನಲ್ಲಿ ಬಾ" ಎಂದರು. ಅವರೀಗ ಎರಡು ಪ್ರಶ್ನೆ ಕೇಳುತ್ತಿದ್ದಾರೆ. ಬಿದ್ದ ಕಲ್ಲೆಲ್ಲ ಎಲ್ಲಿ ಹೋಯಿತು? ಅಷ್ಟು ಶ್ರೀಮಂತ ದೇಶ ಅದನ್ನು ಮತ್ತೆ ಕಟ್ಟಿ ಪ್ರಾರ್ಥನೆ ಶುರುಮಾಡಬಾರದೇಕೆ?

ಉತ್ತರ: ಶನಿವಾರಸಂತೆ ಬೆಳೆಗಾರ

ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಕಲ್ಲಿನ ಉತ್ತರ ಅಲ್ಲೇ ಕಣ್ಣೆದುರು ನಿಂತಿದೆ. ಮಠ ಮುಚ್ಚಿದ ಮೇಲೆ ಆ ಆಸ್ತಿ ಚಮ್ಲಿ ಎಂಬ ಮನೆತನದ ಕೈಗೆ ಬಂತು. ಅವರು ಮಠದ ಕಲ್ಲು ಬಳಸಿ ಪಕ್ಕದಲ್ಲೇ ತಮ್ಮ ಬಂಗಲೆ ಕಟ್ಟಿಕೊಂಡರು. ನೀವು ಟಿಕೆಟ್ ಪಡೆದು ವಸ್ತುಗಳನ್ನು ನೋಡುವ ಕಟ್ಟಡ ಅದೇ ಮನೆಯ ಭಾಗ. ಅದರ ಗೋಡೆಯಲ್ಲಿ ಮಠದ ಕಲ್ಲು ಹುಡುಕುವ ಕೆಲಸವನ್ನು ಯಜಮಾನರಿಗೆ ಒಪ್ಪಿಸಿ. ಚರ್ಚನ್ನು ಮಾತ್ರ ಅವರು ಪೂರ್ತಿ ಕೀಳಲಿಲ್ಲ. ಗುಡ್ಡದ ತುದಿಯ ಆ ಎತ್ತರ ಹಡಗಿನವರಿಗೆ ದಡದ ಗುರುತಾಗಿತ್ತು, ಅದಕ್ಕಾಗಿಯೇ ಉಳಿಸಿದರೆನ್ನುವುದು ಒಂದು ಅಭಿಪ್ರಾಯ.

ಮತ್ತೆ ಕಟ್ಟುವ ಮಾತಿಗೆ ನನ್ನ ಸ್ಪಷ್ಟ ಉತ್ತರ: ಬೇಡ. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳು ವಿಟ್ಬಿಯ ಮೇಲೆ ಗುಂಡು ಸುರಿಸಿದಾಗ ಮಠದ ಪಶ್ಚಿಮ ಮುಖಕ್ಕೂ ಏಟು ಬಿತ್ತು. ಆ ಗುಂಡಿನ ಗಾಯವನ್ನು ದುರಸ್ತಿ ಮಾಡಿದರು. ಅವಶೇಷವನ್ನು 1920ರಲ್ಲಿ ಸರ್ಕಾರ ವಹಿಸಿಕೊಂಡಿತು, ಈಗ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಇಂಥ ಕಡೆ ಅವರ ಪದ್ಧತಿ ಗೋಡೆಯ ತಲೆಗೆ ನೀರಿಳಿಯದಂತೆ ಮಾಡುವುದು, ಸಡಿಲ ಕಲ್ಲನ್ನು ಭದ್ರಪಡಿಸುವುದು, ಹುಲ್ಲು ಕತ್ತರಿಸಿಡುವುದು. ಊಹಿಸಿ ಹೊಸ ಗೋಡೆ ಎಬ್ಬಿಸಿದರೆ ಹದಿಮೂರನೇ ಶತಮಾನದ ಕಲ್ಲುಕುಟಿಗನ ಕೈಕೆಲಸವೂ ನಮ್ಮ ಕಾಲದ ಗುತ್ತಿಗೆದಾರನದೂ ಬೆರೆತುಹೋಗುತ್ತದೆ. ನಮ್ಮ ಹಳೆಯ ಗುಡಿಗಳಲ್ಲಿ ಕೆತ್ತನೆಗಲ್ಲಿನ ಮೇಲೆ ಸಿಮೆಂಟು ಮೆತ್ತಿ ಬಣ್ಣ ಬಳಿದದ್ದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಲ್ಲಿ ಆ ಸಂಕಟವಿಲ್ಲ, ಸವೆದದ್ದು ಸವೆದ ಹಾಗೇ ಇದೆ.

ವಿಟ್ಬಿಗೆ ಹೊರಡುವ ಹಿಂದಿನ ಸಂಜೆ ಯಾರ್ಕ್‌ನ ಮ್ಯೂಸಿಯಂ ಗಾರ್ಡನ್ಸ್‌ಗೆ ಹೋಗಿಬನ್ನಿ. ವೀರಾಜಪೇಟೆಯವರು ಹೇಳಿದ ಸೇಂಟ್ ಮೇರಿ ಮಠದ ಗೋಡೆಗಳು ಅಲ್ಲಿವೆ, ಉದ್ಯಾನಕ್ಕೆ ಪ್ರವೇಶ ಉಚಿತ, ನೆಲ ಸಮತಟ್ಟು. ಆ ಮಠದ ಮೊದಲ ಅಧಿಪತಿ ಸ್ಟೀಫನ್ ವಿಟ್ಬಿಯಿಂದಲೇ ಹೊರಟು ಬಂದವನು. ಅಲ್ಲಿಂದ ಫೌಂಟನ್ಸ್‌ಗೆ ಹೋದ 13 ಮಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇವೆಲ್ಲ ಆ ಸೈನಿಕನ ಗುಡ್ಡದಿಂದ ಒಡೆದ ಕವಲುಗಳು. ವಿಟ್ಬಿಯ ಮಠಕ್ಕೆ ಟಿಕೆಟ್ ಇದೆ. ತೆರೆದಿರುವ ದಿನ, ವೇಳೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಮಗಳಿಗೆ ಮೊದಲೇ ನೋಡಿಡಲು ಹೇಳಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದರೆ ಪೂರ್ವದ ಕಿಟಕಿಗಳಿಂದ ಬಿಸಿಲು ಒಳಗೆ ಬೀಳುತ್ತಿರುತ್ತದೆ, ಜನವೂ ಕಡಿಮೆ ಇರುತ್ತಾರೆ.